ಗೀಟು ಎಳೆದದ್ದು ನಾನು, ನನ್ನ ಅತ್ತೆಯಲ್ಲ

ಮಾನ್ಯ ಧರ್ಮಾಧ್ಯಕ್ಷರೇ,

ನನಗೆ ಮದುವೆಯಾಗಿ ಏಳು ತಿಂಗಳಾಯಿತು, ಈಗಲೂ ಬೆಳಿಗ್ಗೆ ಕಣ್ಣು ಬಿಟ್ಟು ಪಕ್ಕದಲ್ಲಿ ಬಾಯಿ ತೆರೆದು ಮಲಗಿರುವ ಝಿಯಾದ್‌ನನ್ನು ನೋಡಿದರೆ ನಗು ಉಕ್ಕಿ ಬರುತ್ತದೆ, ಇಷ್ಟೊಂದು ಸಂತೋಷ ಒಬ್ಬಳಿಗೇ ಸಿಕ್ಕಿದ್ದು ನ್ಯಾಯವೇ ಎಂಬ ಅನುಮಾನವೂ ಬರುತ್ತದೆ! ಶುಭಸುದ್ದಿಯನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ಶುಭವಾದದ್ದು ಕಡಿಮೆ. ಈ ತಿಂಗಳು ನಮ್ಮ ಕ್ಫರ್ ಹನ್ನೂನ್ ಊರಿನ ಪುರಸಭೆಗೆ ನಡೆದ ಚುನಾವಣೆಯಲ್ಲಿ ಪುರಸಭಾಧ್ಯಕ್ಷರ ಹೆಸರಿನ ಮೇಲೆ ಗೀಟು ಎಳೆದು ಬೇರೊಬ್ಬರ ಹೆಸರು ಬರೆದ ಹೆಂಗಸು ನಾನು. ನನ್ನ ಅತ್ತೆ ನಜ್ಲಾ ಅಲ್ಲ. ಆ ಒಂದು ಗೀಟಿಗಾಗಿ ನೀವು, ಮೂವತ್ತೊಂದು ವರ್ಷಗಳಿಂದ ಮೇ ತಿಂಗಳ ಪ್ರತಿ ಸಂಜೆಯೂ ನಮ್ಮ ಚರ್ಚಿನಲ್ಲಿ ಮಾತೆ ಮರಿಯಮ್ಮನವರ ಪ್ರಾರ್ಥನೆ ಹೇಳಿಸುತ್ತಿದ್ದ ನನ್ನ ಅತ್ತೆಯನ್ನು ಆ ಸ್ಥಾನದಿಂದ ತೆಗೆದುಹಾಕಿದ್ದೀರಿ. ತಪ್ಪು ಹೆಂಗಸನ್ನು ಶಿಕ್ಷಿಸಿದ್ದೀರಿ. ಸರಿಯಾದ ಹೆಂಗಸನ್ನು ಶಿಕ್ಷಿಸಿದ್ದರೂ ಅದು ತಪ್ಪೇ ಆಗುತ್ತಿತ್ತು. ಅದಕ್ಕೆ ಸಾಕ್ಷಿ ನಿಮ್ಮದೇ ಸುತ್ತೋಲೆ.

ಆ ಸುತ್ತೋಲೆ ನಿಮಗೆ ಮರೆತಿರಬಹುದು. ನನಗೆ ಬಾಯಿಪಾಠವಾಗಿದೆ. ಈಸ್ಟರ್ ಮುಗಿದ ಮರುವಾರ ನಮ್ಮೂರಿನ ಪಾದ್ರಿ ಅಬೂನಾ ಸೆಮಾನ್ ಅದನ್ನು ಬಲಿಪೀಠದ ಮುಂದೆ ನಿಂತು ಓದಿದರು. ‘ದೋಷವೇ ಇಲ್ಲದ ಅಭ್ಯರ್ಥಿ ಎಲ್ಲಿಯೂ ದೊರೆಯುವುದಿಲ್ಲ. ಆದ್ದರಿಂದ ಕ್ರೈಸ್ತ ಮತದಾರರು ಪ್ರಾರ್ಥಿಸಿ, ವಿಚಾರಿಸಿ, ಸಾರ್ವಜನಿಕ ಹಿತಕ್ಕೆ ಯಾರಿಂದ ಹೆಚ್ಚು ಒಳಿತು, ಯಾರಿಂದ ಕಡಿಮೆ ಕೇಡು ಎಂದು ತೂಗಿ ನೋಡಿ, ತಮ್ಮ ಮನಸ್ಸಾಕ್ಷಿಯಂತೆ ಮತ ನೀಡಲಿ. ಮನಸ್ಸಾಕ್ಷಿಯೆಂಬ ಆ ಪವಿತ್ರ ಸ್ಥಳಕ್ಕೆ ಬೇರೆ ಯಾರಿಗೂ ಪ್ರವೇಶವಿಲ್ಲ. ಧರ್ಮಸಭೆ ಅಭ್ಯರ್ಥಿಗಳ ಯಾವ ಪಟ್ಟಿಯ ಪರವೂ ಇಲ್ಲ.’ ನನಗೆ ಮೈ ಜುಮ್ಮೆಂದಿತು! ನನ್ನ ತವರಿನವರ ಊರಿನಲ್ಲಿ ಓಟು ಎಂದರೆ ದೊಡ್ಡಪ್ಪ ಕೊಟ್ಟ ಚೀಟಿಯನ್ನು ಪೆಟ್ಟಿಗೆಗೆ ಹಾಕಿ ಬರುವುದು. ಮದುವೆಯಾದ ಮೇಲೆ ನನ್ನ ಹೆಸರು ಗಂಡನ ಊರಿನ ದಾಖಲೆಗೆ ಬಂದಿದೆ, ಇಲ್ಲಿ ಮೊದಲ ಸಲ ಓಟು ಹಾಕಲಿದ್ದೇನೆ, ಅದೇ ಹೊತ್ತಿಗೆ ನನ್ನ ಧರ್ಮಾಧ್ಯಕ್ಷರು ‘ನೀನೇ ಯೋಚಿಸು’ ಎನ್ನುತ್ತಿದ್ದಾರೆ. ಚರ್ಚಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅದೇ ಮಾತಾಡಿದೆನಂತೆ. ಕೊನೆಗೆ ಝಿಯಾದ್, “ಇಂಗ್ಲಿಷ್ ಮೇಡಂ, ಅದು ಬಿಷಪ್ ಬರೆದ ಕಾಗದ, ನಾನು ಬರೆದ ಪ್ರೇಮಪತ್ರ ಅಲ್ಲ” ಎಂದ. ಅವನು ಫ್ರೆಂಚ್ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದವನು, ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಅದಕ್ಕೇ ಆ ಹೆಸರು. ಯಾರು ಏನು ಹೇಳಿದರೂ ಪೂರ್ತಿ ನಂಬುವ ಜಾತಿ ನಾನೆಂದು ಅವನ ಮನೆಯವರೆಲ್ಲ ತೀರ್ಮಾನಿಸಿದ್ದಾರೆ. ಈಗ ನೋಡಿದರೆ ಅವರ ತೀರ್ಮಾನ ಸರಿಯಾಗಿಯೇ ಇತ್ತು.

ನಂಬಿದೆ. ನೀವು ಹೇಳಿದಂತೆಯೇ ಮಾಡಿದೆ. ಎರಡು ಬಣ್ಣದ ಪೆನ್ನು ಹಿಡಿದು ಒಂದು ಹಾಳೆಯನ್ನು ಎರಡು ಭಾಗ ಮಾಡಿದೆ. ಒಂದು ಕಡೆ ನಮ್ಮ ಅಧ್ಯಕ್ಷರು. ಪ್ರತಿ ಭಾನುವಾರ ಮೊದಲ ಸಾಲಿನಲ್ಲಿ ಕೂರುವವರು, ಮೆರವಣಿಗೆಯಲ್ಲಿ ಪರಮಪ್ರಸಾದದ ಛತ್ರಿ ಹಿಡಿಯುವವರು, ಚರ್ಚಿಗೆ ಅಮೃತಶಿಲೆಯ ನೆಲ ಹಾಸಿಸಿದವರು, ನಿಮ್ಮ ಜೊತೆ ನಿಂತ ಫೋಟೋವನ್ನು ಪುರಸಭೆಯ ಗೋಡೆಗೆ ತೂಗುಹಾಕಿದವರು. ಊರಿನ ಬುಗ್ಗೆಯ ನೆತ್ತಿಯ ಮೇಲೆ ಕಲ್ಲುಕ್ವಾರಿಗೆ ಅನುಮತಿ ಕೊಟ್ಟವರೂ ಅವರೇ. ನಾನು ಸೊಸೆಯಾಗಿ ಬಂದ ದಿನದಿಂದ ಈ ಮನೆಯ ನಲ್ಲಿಯಲ್ಲಿ ಹಾಲಿನ ಬಣ್ಣದ ನೀರು ನೋಡುತ್ತಿದ್ದೇನೆ. ಅತ್ತೆ ಅದನ್ನು ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ, ಆಮೇಲೆ ಕಾಫಿಗೆ ಇಡುತ್ತಾರೆ. ಮೇಲಿನ ಕೇರಿಯಲ್ಲಿ ಇಬ್ಬರು ಮಕ್ಕಳಿಗೆ ಮೂತ್ರಪಿಂಡದ ತೊಂದರೆ ಶುರುವಾಗಿದೆ. ನೀರಿನದೇ ಕಾರಣ ಎಂದು ನಾನು ಹೇಳಲಾರೆ, ನಾನು ಡಾಕ್ಟರಲ್ಲ. ನೀರನ್ನು ಪರೀಕ್ಷೆಗೆ ಕಳಿಸಿ ಎಂದು ನಲವತ್ತು ಹೆಂಗಸರು ಸಹಿ ಮಾಡಿ ಕೊಟ್ಟ ಅರ್ಜಿಯನ್ನು ಅಧ್ಯಕ್ಷರು ತೆರೆದೇ ನೋಡಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಇನ್ನೊಂದು ಕಡೆ ಹಲ್ಲಿನ ಡಾಕ್ಟರ್ ಫಾರೆಸ್. ಕ್ವಾರಿ ಮುಚ್ಚಿಸುತ್ತೇನೆ ಎಂದು ಚುನಾವಣೆಗೆ ನಿಂತವರು. ತಾಯಿಯ ಮಣ್ಣಿಗೆ ಬಂದದ್ದೇ ಕೊನೆ, ಆಮೇಲೆ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಹೆಂಡತಿ, ಇಬ್ಬರು ಮಕ್ಕಳನ್ನು ಬಿಟ್ಟು, ವಿಚ್ಛೇದನ ಸಿಗಲೆಂದೇ ಬೇರೆ ಪಂಥಕ್ಕೆ ಸೇರಿ, ಸೈಪ್ರಸ್ಸಿಗೆ ಹಾರಿ, ಅಲ್ಲಿ ನೋಂದಣಿ ಕಚೇರಿಯಲ್ಲಿ ಇನ್ನೊಬ್ಬಳನ್ನು ಮದುವೆಯಾಗಿ ಬಂದವರು. ಧರ್ಮಾಧ್ಯಕ್ಷರೇ, ಇದು ನನಗೆ ಸಣ್ಣ ವಿಷಯವಾಗಿತ್ತೆಂದು ತಿಳಿಯಬೇಡಿ. ಅಕ್ಟೋಬರಿನಲ್ಲಿ ಅದೇ ಬಲಿಪೀಠದ ಮುಂದೆ ತಲೆಯ ಮೇಲೆ ಮದುವೆಯ ಕಿರೀಟ ಇಡಿಸಿಕೊಂಡು ಸಾಯುವವರೆಗೂ ಎಂದು ಮಾತು ಕೊಟ್ಟವಳು ನಾನು. ಅಂಥದೇ ಮಾತು ಕೊಟ್ಟು ಮುರಿದವರ ಹೆಸರನ್ನು ನನ್ನ ಕೈಯಾರೆ ಬರೆಯುವುದೇ? ಮೂರು ದಿನ ನನಗೆ ಊಟ ಸೇರಲಿಲ್ಲ. ಝಿಯಾದ್, “ಏನೇ, ಬಸುರಿಯಾ?” ಎಂದು ಕೇಳಿದ. ಅಲ್ಲ, ಮತದಾರಳು.

ನಾಲ್ಕನೆಯ ದಿನ ಕೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ಮಾರಿ-ರೋಸ್ ಅಂಗಡಿಗೆ ಹೋದೆ. ಡಾಕ್ಟರ್ ಬಿಟ್ಟುಹೋದ ಹೆಂಡತಿ ಅವರೇ. ಕನ್ನಡಿಯಲ್ಲಿ ಅವರ ಮುಖ ನೋಡಿಕೊಂಡು, ಸುತ್ತಿ ಬಳಸಿ, ಈ ಸಲ ಯಾರಿಗೆ ಹಾಕುತ್ತೀರಿ ಎಂದೆ.

“ತಲೆ ನೆಟ್ಟಗಿಡು. ಕೇಳೋದಿದ್ರೆ ನೇರ ಕೇಳು. ನನ್ನ ಗಂಡನ ಬಗ್ಗೆ ತಾನೆ?”

“ಕ್ಷಮಿಸಿ ಅಕ್ಕ. ಹೌದು.”

“ಗಂಡನಾಗಿ ಅವ್ನು ಮೂರು ಕಾಸಿಗೆ ಬಾಳಲ್ಲ. ಬರಕೋ ಬೇಕಿದ್ರೆ. ಆದ್ರೆ ಆ ಕ್ವಾರಿ ಮುಚ್ಚಿಸ್ತೀನಿ ಅಂದ್ರೆ ಮುಚ್ಚಿಸ್ತಾನೆ. ಹಲ್ಲು ಕೀಳ್ಬೇಕು ಅಂತ ಇಕ್ಕಳ ಹಿಡಿದ್ರೆ ಕಿತ್ತೇ ಏಳೋನು, ಎದುರಿಗಿದ್ದೋನು ಕಿರುಚ್ಲಿ ಸಾಯ್ಲಿ.”

“ಅಂದ್ರೆ ನೀವು ಅವರಿಗೇ ಹಾಕ್ತೀರಾ?”

“ಹಾಕ್ತೀನಿ. ಈ ಸಲ ನಾನೇನು ಅವ್ನನ್ನ ಕಟ್ಕೊಳ್ತಿಲ್ವಲ್ಲ ಕಣೇ, ಬರೀ ಓಟು ಹಾಕ್ತಿರೋದು.”

ಆಮೇಲೆ ಅವರು ಒಂದೇ ಕಡೆಯ ಕೂದಲನ್ನು ಎರಡು ಸಲ ಕತ್ತರಿಸಿದರು. ಹೇಳಿದಷ್ಟು ಸುಲಭವಾಗಿ ಅವರು ಆ ತೀರ್ಮಾನಕ್ಕೆ ಬಂದಿರಲಿಲ್ಲ. ನೀವು ಸುತ್ತೋಲೆಯಲ್ಲಿ ಬರೆದ ‘ತೂಗಿ ನೋಡುವುದು’ ಎಂದರೆ ಏನೆಂದು ನನಗೆ ಅರ್ಥವಾದದ್ದು ಆ ಕುರ್ಚಿಯಲ್ಲಿ.

ಚುನಾವಣೆಯ ಹಿಂದಿನ ದಿನ, ಶನಿವಾರ, ಪಾಪನಿವೇದನೆಗೆ ಹೋಗಿ ಅಬೂನಾ ಸೆಮಾನ್ ಅವರಿಗೆ ಎಲ್ಲವನ್ನೂ ಹೇಳಿದೆ. ಪುರಸಭೆಗೆ ಒಂಬತ್ತು ಸ್ಥಾನ, ಅಧ್ಯಕ್ಷರ ಪಟ್ಟಿಯ ಒಂಬತ್ತು ಜನರಲ್ಲಿ ಎಂಟು ಜನ ಒಳ್ಳೆಯವರು, ಅವರಿಗೆ ಹಾಕುತ್ತೇನೆ. ಅಧ್ಯಕ್ಷರ ಹೆಸರಿಗೆ ಗೀಟು ಎಳೆದು ಡಾಕ್ಟರ್ ಹೆಸರು ಬರೆಯುತ್ತೇನೆ. ಇದು ಪಾಪವೇ ಎಂದು ಕೇಳಿದೆ. ಅವರು ಹೇಳಿದ ಮಾತನ್ನು ಹೊರಗೆ ಹೇಳಲು ನನಗೆ ಅಡ್ಡಿಯಿಲ್ಲ, ಅಡ್ಡಿಯಿರುವುದು ಅವರಿಗೆ. “ಆ ಮನುಷ್ಯ ಹೆಂಡ್ತೀನ ಬಿಟ್ಟಿದ್ದಕ್ಕೆ ಓಟು ಹಾಕ್ತಿದೀಯಾ?” ಎಂದರು. ಇಲ್ಲ ಅಬೂನಾ, ಬಿಟ್ಟಿದ್ದರೂ ಹಾಕುತ್ತಿದ್ದೇನೆ, ನೀರಿಗಾಗಿ, ಎಂದೆ. “ಹಂಗಾದ್ರೆ ಬಿಷಪ್ಪರ ಕಾಗದ ನಾನೇ ಓದಿದೀನಲ್ಲ ಮಗಳೇ. ಮನಸ್ಸಾಕ್ಷಿ ಅಂದ್ರೆ ಮನಸ್ಸಾಕ್ಷಿ. ಹೋಗು.” ನಾನು ಹಗುರಾಗಿ, ಹೆಚ್ಚುಕಡಿಮೆ ಕುಣಿಯುತ್ತಾ ಮನೆಗೆ ಬಂದೆ.

ಇಲ್ಲಿಂದ ನನ್ನ ದಡ್ಡತನದ ಕತೆ. ನಮ್ಮಲ್ಲಿ ಪುರಸಭೆ ಚುನಾವಣೆಗೆ ಸರ್ಕಾರದ ಮತಪತ್ರವಿಲ್ಲ. ಬಿಳಿ ಹಾಳೆಯಲ್ಲಿ ನಾವೇ ಬರೆದುಕೊಂಡು ಹೋಗಬಹುದು, ಇಲ್ಲವೇ ಪಕ್ಷದವರು ಅಚ್ಚು ಹಾಕಿಸಿ ಮನೆಮನೆಗೆ ಕೊಟ್ಟ ಪಟ್ಟಿಯನ್ನೇ ಲಕೋಟೆಗೆ ಹಾಕಬಹುದು. ಅಧ್ಯಕ್ಷರ ಕಡೆಯ ತನ್ನೂಸ್ ನಮ್ಮ ಮನೆಗೂ ಪಟ್ಟಿ ತಂದುಕೊಟ್ಟಿದ್ದ. ಪ್ರತಿ ಮನೆಯ ಪಟ್ಟಿಯಲ್ಲೂ ಅವೇ ಒಂಬತ್ತು ಹೆಸರು, ಆದರೆ ಮನೆಗೊಂದು ಕ್ರಮ ಎಂದು ನನಗೆ ಯಾರೂ ಹೇಳಿರಲಿಲ್ಲ. ಊರಿನವರೆಲ್ಲರಿಗೂ ಹುಟ್ಟಿದಾಗಿನಿಂದ ಗೊತ್ತು, ಆದ್ದರಿಂದಲೇ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಮನೆಯದು ಬೇಕರಿಯವನಿಂದ ಶುರುವಾಗಿ ನಿವೃತ್ತ ಮೇಷ್ಟರಲ್ಲಿ ಮುಗಿಯುತ್ತಿತ್ತು. ಪಕ್ಕದ ಮನೆಯದು ಮೇಷ್ಟರಿಂದ ಶುರು. ಎಣಿಕೆಯ ಹೊತ್ತಿನಲ್ಲಿ ಅಧಿಕಾರಿ ಒಂದೊಂದೇ ಲಕೋಟೆ ಒಡೆದು ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾನೆ, ತನ್ನೂಸ್ ಕುಳಿತು ಯಾವ ಮನೆಯ ಚೀಟಿ ಬಂತು, ಯಾವುದು ಬರಲಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಾನೆ. ಬುದ್ಧಿಯಿದ್ದವರು ಬಿಳಿ ಹಾಳೆಯಲ್ಲಿ ಬರೆಯುತ್ತಾರೆ. ನಾನು, ಶಾಲೆಯಲ್ಲಿ ಗಣಿತ ಕಲಿಸುವವಳು, ಅವನು ಕೊಟ್ಟ ಪಟ್ಟಿಯ ಮೇಲೆಯೇ, ಪರದೆಯ ಹಿಂದೆ ನಿಂತು, ಅಧ್ಯಕ್ಷರ ಹೆಸರಿಗೆ ನೇರವಾಗಿ ಒಂದು ಗೀಟು ಎಳೆದು, ಪಕ್ಕದಲ್ಲಿ ದುಂಡಗೆ ಡಾಕ್ಟರ್ ಹೆಸರು ಬರೆದೆ. ಹೊರಗೆ ಬಂದು ಬೆರಳಿನ ಶಾಯಿಯನ್ನು ಝಿಯಾದ್‌ಗೆ ತೋರಿಸಿ ಫೋಟೋ ತೆಗೆಸಿಕೊಂಡೆ!

ನಮ್ಮಲ್ಲಿ ಹೆಂಗಸರಿಗೆ ಬೇರೆ ಕೊಠಡಿ, ಗಂಡಸರಿಗೆ ಬೇರೆ. ಆ ಸಂಜೆ ಶಾಲೆಯ ಕಿಟಕಿಗಳ ಹೊರಗೆ ಊರೇ ನಿಂತು ಎಣಿಕೆ ಕೇಳುತ್ತಿತ್ತು. ಬೇಕರಿಯವನಿಂದ ಶುರುವಾಗುವ ಚೀಟಿ ಹೆಂಗಸರ ಪೆಟ್ಟಿಗೆಯಲ್ಲಿ ಎರಡೇ ಇರಲು ಸಾಧ್ಯ, ಅತ್ತೆಯದು ಮತ್ತು ನನ್ನದು. ಮೊದಲನೆಯದನ್ನು ಅಧಿಕಾರಿ ಪೂರ್ತಿ ಓದಿದ. ಎರಡನೆಯದರಲ್ಲಿ ಅಧ್ಯಕ್ಷರ ಹೆಸರು ಬರಬೇಕಾದ ಕಡೆ ‘ಗೀಟು ಎಳೆದಿದೆ’ ಎಂದು ಹೇಳಿ, ಡಾಕ್ಟರ್ ಫಾರೆಸ್ ಎಂದು ಓದಿದ. ಅತ್ತೆ ತಿರುಗಿ ನನ್ನ ಮುಖ ನೋಡಿದರು. ನನ್ನ ಮುಖಕ್ಕೆ ಏನನ್ನೂ ಮುಚ್ಚಿಟ್ಟು ಅಭ್ಯಾಸವಿಲ್ಲ. ಅವರು ನನ್ನ ಕೈ ಹಿಡಿದು, “ನಡಿ, ಒಲೆ ಮೇಲೆ ಬೇಳೆ ಇಟ್ಟಿದೀನಿ” ಎಂದರು. ಒಲೆಯ ಮೇಲೆ ಯಾವ ಬೇಳೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ತನ್ನೂಸ್ ಬಂದ. ಅಂದ ಹಾಗೆ ಅಧ್ಯಕ್ಷರೇ ಗೆದ್ದಿದ್ದರು, ಒಂಬತ್ತಕ್ಕೆ ಒಂಬತ್ತೂ ಅವರದೇ, ಡಾಕ್ಟರ್ ಹತ್ತೊಂಬತ್ತು ಓಟಿನಿಂದ ಸೋತಿದ್ದರು. ನನ್ನ ಗೀಟಿನಿಂದ ಯಾರ ಕೂದಲೂ ಕೊಂಕಲಿಲ್ಲ. ಆದರೂ ತನ್ನೂಸ್ ಕುರ್ಚಿಯ ತುದಿಯಲ್ಲಿ ಕುಳಿತು, ಅತ್ತೆ ಕೊಟ್ಟ ಕಾಫಿಯನ್ನು ಮುಟ್ಟದೆ, ಊರವರಂತೆ ಅವರನ್ನು ಝಿಯಾದ್‌ನ ತಾಯಿ ಎಂದೇ ಕರೆದು ಕೇಳಿದ:

“ಉಮ್ ಝಿಯಾದ್, ನಿಮ್ಮ ಮನೇಲಿ ಇಬ್ರೇ ಹೆಂಗಸ್ರು. ಯಾರ ಚೀಟಿ ಅದು? ಇವಳು ಹೊಸಬಳು, ಪಟ್ಟಣದವಳು, ಗೊತ್ತಿಲ್ದೆ ಮಾಡಿರ್ತಾಳೆ ಅಂತ ಅಧ್ಯಕ್ಷರು...”

“ನಂದು,” ಎಂದರು ಅತ್ತೆ.

“ನಿಮ್ದಾ?”

“ನಂದೇ. ಕಿವಿ ಮಂದ ಆಯ್ತಾ ನಿಂಗೆ? ಆರು ವರ್ಷದಿಂದ ನಿನ್ನ ಅಧ್ಯಕ್ಷನ ಧೂಳು ಸೋಸಿ ಸೋಸಿ ನನ್ನ ಸೋಸೋ ಬಟ್ಟೆ ಎಲ್ಲಾ ಹರಿದುಹೋಯ್ತು. ಕಾಫಿ ಕುಡಿ. ಅದರಲ್ಲೂ ಅವ್ನದೇ ಸುಣ್ಣ ಇದೆ.”

ನಾನು ಬಾಯಿ ತೆರೆದೆ. ಅತ್ತೆ ಮೇಜಿನ ಕೆಳಗೆ ನನ್ನ ಪಾದ ತುಳಿದರು. ಚಪ್ಪಲಿ ಹಾಕಿಕೊಂಡೇ ತುಳಿದರು. ನಾನು ಬಾಯಿ ಮುಚ್ಚಿದೆ, ಧರ್ಮಾಧ್ಯಕ್ಷರೇ. ಇವತ್ತಿನವರೆಗೂ ಅದೇ ನನ್ನ ಪಾಪ, ಗೀಟಲ್ಲ.

ತನ್ನೂಸ್ ಹೋದ ಮೇಲೆ ಏಕೆ ಹಾಗೆ ಹೇಳಿದಿರಿ ಎಂದು ಅತ್ತುಬಿಟ್ಟೆ. ಅತ್ತೆ ಲೋಟ ತೊಳೆಯುತ್ತಲೇ ಹೇಳಿದರು: “ನಿನ್ನ ಶಾಲೆ ಯಾರದ್ದು?” ನಿಮ್ಮದು, ಧರ್ಮಾಧ್ಯಕ್ಷರೇ. ಕೆಳಗೆ ಕರಾವಳಿಯಲ್ಲಿರುವ ನಿಮ್ಮ ಧರ್ಮಕ್ಷೇತ್ರದ ಶಾಲೆಯಲ್ಲಿ ನಾನು ಕಲಿಸುತ್ತೇನೆ. ಯಾರನ್ನು ಉಳಿಸಿಕೊಳ್ಳುತ್ತೀರಿ, ಯಾರನ್ನು ಬಿಡುತ್ತೀರಿ ಎಂಬ ಕಾಗದ ಜುಲೈ ಮೊದಲ ವಾರದಲ್ಲಿ ಬರುತ್ತದೆ. “ನಿಂಗೆ ಕೆಲಸ ಹೋದ್ರೆ ನನ್ನ ಮಗ ಕೆಲಸ ಹುಡುಕ್ಕೊಂಡು ದುಬೈಗೆ ಹೋಗ್ತಾನೆ. ನನ್ನನ್ನ ಏನು ಮಾಡ್ತಾರೆ? ನಂಗೇನು ಸಂಬಳ ಕೊಡ್ತಿದಾರಾ ನಿಲ್ಸೋಕೆ?”

ಅವರ ಎಣಿಕೆಯಲ್ಲಿ ಒಂದೇ ತಪ್ಪಿತ್ತು. ಸಂಬಳವಿಲ್ಲದ ಕೆಲಸವನ್ನೂ ಕಿತ್ತುಕೊಳ್ಳಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ಗುರುವಾರ ನಿಮ್ಮ ಕಚೇರಿಯ ಪತ್ರ ಬಂತು. ಎಣಿಕೆ ಮುಗಿದು ನಾಲ್ಕೇ ದಿನ! ಇದೇ ಕಚೇರಿಯಿಂದ ನಮ್ಮ ಮದುವೆಯ ಪ್ರಮಾಣಪತ್ರ ಹೊರಬೀಳಲು ಏಳು ವಾರ ಹಿಡಿದಿತ್ತು, ಆದ್ದರಿಂದ ಈ ಚುರುಕನ್ನು ಮೆಚ್ಚಲೇಬೇಕು. ‘ಧರ್ಮಬಾಹಿರ ಬದುಕು ನಡೆಸುತ್ತಿರುವ ವ್ಯಕ್ತಿಗೆ ಬಹಿರಂಗ ಬೆಂಬಲ ನೀಡಿ ಭಕ್ತರಿಗೆ ಕೆಟ್ಟ ಮಾದರಿಯಾದ ಕಾರಣ’ ನಜ್ಲಾ ಎಂಬ ಸದಸ್ಯೆಯನ್ನು ಸ್ತ್ರೀ ಸಂಘದ ಹಿರಿತನದಿಂದ ಬಿಡುಗಡೆ ಮಾಡಲಾಗಿದೆ, ಅವರು ಪ್ರಾರ್ಥನೆ ಹೇಳಿಸತಕ್ಕದ್ದಲ್ಲ, ಚರ್ಚಿನ ಬೀಗದ ಕೈ ಒಪ್ಪಿಸತಕ್ಕದ್ದು.

ಬಹಿರಂಗ ಬೆಂಬಲ! ಲಕೋಟೆಯೊಳಗಿನ ಚೀಟಿ ಯಾವಾಗ ಬಹಿರಂಗವಾಯಿತು? ಅದನ್ನು ಬಹಿರಂಗ ಮಾಡಿದವರು ಯಾರು? ಮನಸ್ಸಾಕ್ಷಿಯೊಳಕ್ಕೆ ಯಾರಿಗೂ ಪ್ರವೇಶವಿಲ್ಲ ಎಂದು ಬರೆದವರು ನೀವು. ತನ್ನೂಸ್‌ಗೆ ಮಾತ್ರ ಒಳಗೆ ಹೋಗಲು ಚೀಟಿ ಬರೆದುಕೊಟ್ಟಿದ್ದಿರೇ? ಎರಡೂ ಪತ್ರಗಳ ಕೆಳಗೆ ಒಂದೇ ಮುದ್ರೆಯಿದೆ. ದೋಷವಿಲ್ಲದ ಅಭ್ಯರ್ಥಿ ಸಿಗುವುದಿಲ್ಲ ಎಂದು ಹೇಳಿ, ದೋಷವಿರುವವರಿಗೆ ಓಟು ಹಾಕಿದ್ದಕ್ಕೆ ಶಿಕ್ಷೆ ಕೊಟ್ಟರೆ, ನಾವು ಯಾರಿಗೆ ಹಾಕಬೇಕಿತ್ತು? ಅಥವಾ ಹೆಂಡತಿಯನ್ನು ಬಿಡುವುದು ಮಾತ್ರ ದೋಷ, ಊರಿನ ನೀರನ್ನು ಕೆಡಿಸುವುದು ದೋಷದ ಪಟ್ಟಿಯಲ್ಲಿಲ್ಲವೇ? ಇದ್ದರೆ, ಅಧ್ಯಕ್ಷರಿಗೆ ಓಟು ಹಾಕಿದ ಮುನ್ನೂರು ಚಿಲ್ಲರೆ ಜನಕ್ಕೂ ಒಂದೊಂದು ಪತ್ರ ಬರಬೇಕಿತ್ತಲ್ಲ? ನನಗೆ ನಿಜವಾಗಿಯೂ ಉತ್ತರ ಬೇಕು. ನಾನು ಧರ್ಮಸಭೆಯನ್ನು ಬಿಟ್ಟುಹೋಗಲು ನೆಪ ಹುಡುಕುತ್ತಿರುವವಳಲ್ಲ. ನಿಮ್ಮ ಮಾತನ್ನು ನಿಜವೆಂದುಕೊಂಡು ಮೂರು ದಿನ ಊಟ ಬಿಟ್ಟವಳು. ನೀವು ‘ಅಧ್ಯಕ್ಷರಿಗೇ ಹಾಕಿ’ ಎಂದು ನೇರವಾಗಿ ಬರೆದಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಜಗಳವಾಡುತ್ತಿದ್ದೆ, ಅಷ್ಟೇ. ಈಗ ಬಂದಿರುವುದು ಸಿಟ್ಟಲ್ಲ. ಕೈಹಿಡಿದು ಹೊಳೆಯ ಮಧ್ಯದವರೆಗೆ ಕರೆದುಕೊಂಡು ಹೋದವರು ಅಲ್ಲಿ ಕೈಬಿಟ್ಟು, ನೀರಿಗೆ ಇಳಿದದ್ದೇಕೆ ಎಂದು ದಡದಿಂದ ಕೇಳಿದರೆ ಹೇಗಾಗುತ್ತದೋ ಹಾಗಾಗಿದೆ.

ಅಬೂನಾ ಅವರ ಬಳಿಗೆ ಓಡಿದೆ. ನಮ್ಮ ಊರುಗಳ ಪಾದ್ರಿಗಳು ಸಂಸಾರಸ್ಥರು ತಾನೆ, ಅವರ ಹೆಂಡತಿ ಬಾಗಿಲು ತೆರೆದು, “ಎರಡು ದಿನದಿಂದ ಮಕ್ಕಳ ಹತ್ರಾನೂ ಮಾತಿಲ್ಲ, ಏನಾಗಿದೆ ಅಂತ ನೀನಾದ್ರೂ ಹೇಳು” ಎಂದರು. ಒಳಗೆ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಚೀಟಿ ನನ್ನದೆಂದು ನಿಮಗೆ ಗೊತ್ತಲ್ಲ, ಬಿಷಪ್ಪರಿಗೆ ಹೇಳಿ, ನಾನೇ ಒಪ್ಪಿಗೆ ಕೊಡುತ್ತಿದ್ದೇನೆ ಎಂದೆ. “ಅಲ್ಲಿ ಕೇಳಿದ್ದು ನಂಗೆ ಗೊತ್ತಿಲ್ಲ ಮಗಳೇ, ನೀನು ಒಪ್ಪಿದ್ರೂ ನಾನು ಬಾಯಿ ಬಿಡಲ್ಲ. ಬಾಯಿರೋದು ನಿಂಗೆ.” ಅವರ ಮೇಲೆ ನನಗೆ ದೂರಿಲ್ಲ. ಮಾತಾಡದೆ ಇರುವುದು ಅವರ ಧರ್ಮ. ನಿಮ್ಮ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಲಿಖಿತವಾಗಿ ಕೊಡಿ ಎಂದರು. ಲಿಖಿತವಾಗಿ ಕೊಟ್ಟೆ, ತಲುಪಿದೆ ಎಂದರು. ತಲುಪಿತು ಎಂಬುದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳದ ಕಾರಣ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅತ್ತೆ ಈಗಲೂ ಪ್ರತಿ ಸಂಜೆ ಚರ್ಚಿಗೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂರುತ್ತಾರೆ. ಪ್ರಾರ್ಥನೆ ಹೇಳಿಸಲು ಅಧ್ಯಕ್ಷರ ನಾದಿನಿಯನ್ನು ನಿಲ್ಲಿಸಿದ್ದಾರೆ; ಪಾಪ, ಆಕೆ ಪುಸ್ತಕ ನೋಡಿಕೊಂಡೂ ಮರಿಯಮ್ಮನವರ ಎರಡು ಬಿರುದುಗಳನ್ನು ಹಾರಿಸಿಬಿಡುತ್ತಾಳೆ. ಪ್ರತಿ ಸಲ ಆ ಜಾಗ ಬಂದಾಗ ಅತ್ತೆಯ ತುಟಿ ಅಲುಗುತ್ತದೆ, ಸದ್ದು ಬರುವುದಿಲ್ಲ. ಉಳಿದ ಹೆಂಗಸರ ಜೊತೆ ‘ನಮಗಾಗಿ ಪ್ರಾರ್ಥಿಸಿರಿ’ ಎನ್ನುವಾಗ ಮಾತ್ರ ದನಿ ಎತ್ತುತ್ತಾರೆ. ಅಷ್ಟಕ್ಕೆ ನೀವು ಅನುಮತಿ ಉಳಿಸಿದ್ದೀರಿ. ಮನೆಗೆ ಬಂದ ಮೇಲೆ ನಗುತ್ತಾರೆ, ನನ್ನ ಅಡುಗೆಗೆ ಹೆಸರಿಡುತ್ತಾರೆ, ಝಿಯಾದ್‌ಗೆ ಬೈಯುತ್ತಾರೆ. ಆದರೆ ಪಾತ್ರೆ ತೊಳೆಯುವಾಗ ಹಾಡಿಕೊಳ್ಳುತ್ತಿದ್ದವರು ಈಗ ಹಾಡುವುದಿಲ್ಲ.

ಈ ಪತ್ರವನ್ನು ಕಳಿಸುವ ಮೊದಲು ಝಿಯಾದ್‌ಗೆ ಓದಿ ಹೇಳಿದೆ. “ಅಮ್ಮ ನಿನ್ನನ್ನ ಉಳಿಸೋಕೆ ಮಾಡಿದ್ದನ್ನ ನೀನೇ ಹಾಳು ಮಾಡ್ತಿದೀಯ,” ಎಂದ. ಮದುವೆಯಾದ ಮೇಲೆ ಮೊದಲ ಸಲ ನಾವಿಬ್ಬರೂ ಒಂದು ಇಡೀ ಊಟ ಮಾತಿಲ್ಲದೆ ಮುಗಿಸಿದೆವು. ತಟ್ಟೆ ಎತ್ತುವಾಗ ಅವನೇ, “ಅಮ್ಮನಿಗೆ ಓದಿ ಹೇಳು. ಅವ್ರು ಬೇಡ ಅಂದ್ರೆ ಹರಿದುಹಾಕು” ಎಂದ. ಅತ್ತೆಗೆ ಓದಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

“ಉದ್ದ ಆಯ್ತು. ಬಿಷಪ್ಪು ಅರ್ಧಕ್ಕೇ ನಿದ್ದೆ ಹೋಗ್ತಾರೆ.”

“ಕಳಿಸ್ಲಾ ಅತ್ತೆ?”

“ನಾನು ಸುಳ್ಳು ಹೇಳ್ದೆ ಅಂತ ಬರಿಬೇಡ. ಬಾಯಿ ತಪ್ಪಿ ಬಂತು ಅಂತ ಬರಿ.”

“ಅತ್ತೆ, ಕೆಲಸ ಹೋಗ್ಬಹುದು.”

ಅವರು ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಅಂಚು ಸರಿಮಾಡಿ ಜೋಡಿಸಿಟ್ಟರು. “ಆ ಎರಡು ಬಿರುದು ಬಿಟ್ಟು ಬಿಟ್ಟು ಹೇಳ್ತಾಳಲ್ಲೇ ಅವಳು,” ಎಂದರು. ಅದನ್ನೇ ನಾನು ಒಪ್ಪಿಗೆ ಎಂದು ತೆಗೆದುಕೊಂಡಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇದು. ಸುತ್ತೋಲೆಯನ್ನು ಓದಿದ ಅದೇ ಬಲಿಪೀಠದ ಮುಂದೆ, ಬರುವ ಭಾನುವಾರವೇ, ಗುರುವಾರದ ನಿಮ್ಮ ಪತ್ರವನ್ನು ಹಿಂದಕ್ಕೆ ಪಡೆದಿದ್ದೀರಿ ಎಂದು ಓದಿಸಿ. ಮೇ ತಿಂಗಳು ಮುಗಿಯುವ ಮೊದಲು ಬೀಗದ ಕೈಯನ್ನು ನಜ್ಲಾ ಅವರ ಕೈಗೆ ಕೊಡಿಸಿ, ಮೂವತ್ತೊಂದನೆಯ ತಾರೀಖಿನ ಕೊನೆಯ ಸಂಜೆಯ ಪ್ರಾರ್ಥನೆಯನ್ನು ಅವರೇ ಹೇಳಿಸಲಿ. ಮನಸ್ಸಾಕ್ಷಿಯಂತೆ ಓಟು ಹಾಕಿದ್ದು ಶಿಕ್ಷೆಗೆ ತಕ್ಕ ಅಪರಾಧವೆಂದು ಈಗಲೂ ನಿಮಗನಿಸಿದರೆ, ಆ ಶಿಕ್ಷೆ ನನ್ನದು. ಜುಲೈವರೆಗೆ ಕಾಯಬೇಡಿ, ನನ್ನ ಎದುರಿಗೇ ಹೇಳಿ. ನಿಮ್ಮ ಕಚೇರಿಯವರು ಸಮಯ ಕೊಡುವುದಿಲ್ಲವಾದ್ದರಿಂದ ನಾನೇ ಗೊತ್ತುಮಾಡಿದ್ದೇನೆ. ರೈಲಿದ್ದಿದ್ದರೆ ರೈಲಿನ ನಂಬರನ್ನೇ ಬರೆಯುತ್ತಿದ್ದೆ. ಆದರೆ ರೈಲು ನಿಲ್ಲಿಸಿ, ಹಳಿಗಳ ಮೇಲೆ ಅಂಗಡಿ ಕಟ್ಟಿಕೊಂಡ ದೇಶ ನಮ್ಮದು. ಬರುವ ಮಂಗಳವಾರ, ಶಾಲೆಗೆ ರಜೆ ಬರೆದುಕೊಟ್ಟು, ಕ್ಫರ್ ಹನ್ನೂನ್ ಚೌಕದಿಂದ ಬೆಳಿಗ್ಗೆ ಆರೂವರೆಗೆ ಹೊರಡುವ ಬಿಳಿ ವ್ಯಾನು ಹತ್ತಿ, ಕರಾವಳಿಯಲ್ಲಿ ಎಂಟು ಗಂಟೆಯ ಬಸ್ಸು ಹಿಡಿದು, ಒಂಬತ್ತೂ ಕಾಲಿಗೆ ನಿಮ್ಮ ಬಾಗಿಲಲ್ಲಿ ಇಳಿಯುತ್ತೇನೆ.

ಇಂತಿ,
ನಿಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ, ಬಹುಶಃ ಒಬ್ಬಳೇ ಭಕ್ತೆ,
ಯುಮ್ನಾ, ನಜ್ಲಾ ಅವರ ಸೊಸೆ
ಕ್ಫರ್ ಹನ್ನೂನ್